ಅಲೆಗಳ ಗುಣಮಟ್ಟ

ಜೂನ್ ಹದಿನೇಳು. ಬೈತಖೋಲದಲ್ಲಿ ದೋಣಿಗಳು
ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ,
ರಜೆ ಸಿಕ್ಕರೂ ಮನೆಗೆ ಹೋಗದ ಪೊಲೀಸರ ಹಾಗೆ.
ಜೆರಾಕ್ಸ್ ಅಂಗಡಿಯ ಅರ್ಧದಲ್ಲಿ ನನ್ನ ರಿಪೇರಿ ಮೇಜು.
ಪುರ್ಸೊ ತಾಂಡೇಲರು ಸಿಪಿಯು ಹೊತ್ತು ಬಂದರು,
ಸುತ್ತ ನೀಲಿ ತಾಡಪತ್ರಿ, ನೈಲಾನ್ ಹಗ್ಗದ ಗಂಟು.
ನನಗೆ ಬಿಚ್ಚಲು ಬರಲಿಲ್ಲ.
ಅವರು ಎರಡು ಬೆರಳಲ್ಲಿ ಬಿಚ್ಚಿದರು.

“ಬಲೆ ಎಳೆಯುವಾಗ ಸಾಯ್ತದೆ.”
ಏನು ಸಾಯ್ತದೆ?
“ಎಲ್ಲ. ಸಮುದ್ರ, ದೋಣಿ, ನಾನು.”

ಮೀನು ಹಿಡಿಯುವ ಆಟ ಅದು,
ಕೈಗಾದಲ್ಲಿ ಕ್ಯಾಂಟೀನ್ ನಡೆಸುವ ಅಳಿಯ ಹಾಕಿಕೊಟ್ಟದ್ದು.
ಯಾವುದೋ ಉತ್ತರದ ತಣ್ಣನೆ ಕಡಲು, ಹಿಮ ಕೂತ ಬಂಡೆ,
ನಮ್ಮಲ್ಲಿ ಹೆಸರೇ ಇಲ್ಲದ ಮೀನುಗಳು.
ಹೆಸರು ತಾಂಡೇಲರೇ ಇಟ್ಟಿದ್ದಾರೆ:
ಒಂದು ಬಿಳಿ ಇಸವಾಣ, ಒಂದು ಬೋಳು ಕಾಣೆ,
ಮತ್ತೊಂದು, ಮುಖ ಸಿಂಡರಿಸಿದ್ದು,
ಸೊಸೈಟಿ ಸೆಕ್ರೆಟರಿ.

ನನ್ನ ಕೆಲಸ ಹೀಗೆ: ಒಂದು ಬದಲಿಸು,
ಒಂದೇ ಒಂದು, ಮತ್ತೆ ನೋಡು.
ಹಳೆ ಡ್ರೈವರ್ ಕಿತ್ತು ಹೊಸದು ಹಾಕಿದೆ. ಎಳೆದರು. ಸತ್ತಿತು.
ಫ್ಯಾನಿನಿಂದ ಬೂದಿಬಣ್ಣದ ಹತ್ತಿ ತೆಗೆದೆ, ಅದರೊಳಗೆ
ತಾರ್ಲಿಯ ಹುರುಪೆಯೊಂದು ಇನ್ನೂ ಹೊಳೆಯುತ್ತಿತ್ತು.
ಎಳೆದರು. ಸತ್ತಿತು.

ತಾಂಡೇಲರು ಬಗ್ಗಿ ಸಿಪಿಯುವಿನ ಬೆನ್ನು ಮೂಸಿದರು,
ಇಂಜಿನ್ ಮೂಸುವ ಹಾಗೆ, ಕಣ್ಣು ಮುಚ್ಚಿ.
“ಸುಟ್ಟಿಲ್ಲ. ಹೆದರಿದೆ, ಅಷ್ಟೇ.”

ರ‍್ಯಾಮ್ ಕಿತ್ತು ನೋಡಿದರೆ
ಚಿನ್ನದ ಹಲ್ಲುಗಳಿಗೆಲ್ಲ ಹಸಿರು ಹಿಡಿದಿದೆ.
ಕಾರವಾರದ ಉಪ್ಪು ಬೀಗದೊಳಗೆ ಹೋಗ್ತದೆ,
ಗೋಡೆ ಗಡಿಯಾರದೊಳಗೆ, ಮದುವೆ ಆಲ್ಬಮ್ಮಿನೊಳಗೆ,
ನೌಕಾನೆಲೆಯ ಮುಳ್ಳುತಂತಿಯನ್ನೂ
ಪಾಸು ತೋರಿಸದೆ ಹತ್ತಿ ತಿನ್ನುತ್ತದೆ.
ಶಾಲೆಮಕ್ಕಳ ರಬ್ಬರು ತಗೊಂಡು ಉಜ್ಜಿದೆ,
ತಪ್ಪಿದ ಭಾಗಾಕಾರ ಅಳಿಸುವಂತೆ, ಮೆಲ್ಲಗೆ, ಒಂದೇ ದಿಕ್ಕಿಗೆ.
ಈಗ ಆಗ್ತದೆ ನೋಡಿ, ಎಂದೆ.
ಬಲೆ ಅರ್ಧ ಮೇಲೆ ಬಂತು. ನೀರು ಸುರಿಯಿತು.
ಒಳಗೆ ಬೆಳ್ಳಗೆ ಏನೋ ಹೊರಳಿತು,
ಅಷ್ಟರಲ್ಲಿ ಡೆಸ್ಕ್‌ಟಾಪು:
ಹಸಿರು ಗುಡ್ಡ, ನೀಲಿ ಆಕಾಶ, ಒಂದೂ ಮೀನಿಲ್ಲ.

ಕೊನೆಗೆ ಸೆಟ್ಟಿಂಗ್. ಹಳೆ ಯಂತ್ರಕ್ಕೆ ಅದೇ ಪಥ್ಯ.
ನೆರಳು: ಬೇಡ.
ಮಂಜು: ಹತ್ತಿರ.
ಹಕ್ಕಿಗಳು: ಕಡಿಮೆ.
ಅಲೆಗಳ ಗುಣಮಟ್ಟ: ಕನಿಷ್ಠ.

ಓಡಿತು. ಹತ್ತು ನಿಮಿಷ, ಇಪ್ಪತ್ತು.
ಮೂರು ಸಲ ಬಲೆ ತುಂಬಿಯೇ ಬಂತು,
ಮೂರನೆಯದರಲ್ಲಿ ಸೆಕ್ರೆಟರಿಗಳದೇ ಸಭೆ.
ನಾನು ಬಿಲ್ಲು ಬರೆಯತೊಡಗಿದೆ, ಮುನ್ನೂರು,
ರಬ್ಬರಿಗೆ ದುಡ್ಡಿಲ್ಲ.

ಅವರು ಮಾತಾಡಲಿಲ್ಲ.
ಪರದೆಯ ಮೇಲೆ ಕಡಲು ಇಸ್ತ್ರಿ ಮಾಡಿದ ಲುಂಗಿಯ ಹಾಗೆ ಬಿದ್ದಿತ್ತು.
ದೋಣಿ ಅದರ ಮೇಲೆ, ಊಟದ ಮೇಜಲ್ಲಿ ಯಾರೋ ದೂಡಿದ ಚಮಚದಂತೆ, ಸರಿಯುತ್ತಿತ್ತು.
ಆಗ ಕಂಡಿತು ನನಗೆ ಅವರ ಕಾಲು:
ಇಷ್ಟು ಹೊತ್ತೂ ಕುರ್ಚಿಯ ಕೆಳಗೆ
ಅಗಲಿಸಿ, ಹಿಮ್ಮಡಿ ಊರಿ, ನೆಲ ಕಚ್ಚಿದ್ದ ಪಾದಗಳು
ಈಗ ಜೋಡಿಸಿಕೊಂಡು ಕೂತಿದ್ದವು,
ಬ್ಯಾಂಕಿನಲ್ಲಿ ಟೋಕನ್ ಹಿಡಿದವರ ಹಾಗೆ.

“ಬಾಯ್, ಇದು ಗಜನಿ ನೀರು,” ಎಂದರು.
“ಇಲ್ಲಿ ಬಲೆ ಎಳೆಯಲಿಕ್ಕೆ ತಾಂಡೇಲ ಯಾಕೆ?
ಅಲೆ ವಾಪಸು ಹಾಕು.”

ಹಾಕಿದರೆ ಮತ್ತೆ ಸಾಯ್ತದೆ.

“ಸಾಯಲಿ. ಆಗಸ್ಟ್ ಒಂದರ ತನಕ
ನನಗಾದರೂ ಏನು ಕೆಲಸ?”

ಹೆಬ್ಬೆರಳಿನ ಅರ್ಧವನ್ನು ಎಂದೋ ವಿಂಚಿಗೆ ಕೊಟ್ಟ ಕೈ
ಮೌಸನ್ನು ಪೂರ್ತಿ ಮುಚ್ಚಿ ಹಿಡಿಯಿತು.
ಗೆರೆಯ ಮೇಲಿನ ಗುಂಡಿಯನ್ನು
ಬಲತುದಿಗೆ, ಇನ್ನು ಜಾಗವಿಲ್ಲದ ತನಕ, ಎಳೆಯಿತು.
ಪರದೆ ಒಮ್ಮೆ ಕಪ್ಪಾಯಿತು.
ಬೆಳಕಾದಾಗ ದೋಣಿ ಮೂಗೆತ್ತಿತ್ತು,
ದಿಗಂತ ಓರೆಯಾಗಿತ್ತು,
ಕುರ್ಚಿಯ ಕೆಳಗೆ ಪಾದಗಳು ಮತ್ತೆ ಅಗಲವಾದವು.

ಬಲೆ ಮೇಲೇಳತೊಡಗಿತು.
ಯಾಕೋ, ನಾನೂ
ಮೇಜಿನ ಅಂಚು ಹಿಡಿದುಕೊಂಡೆ.